ಮೈನರ್ ಲೀಗ್ ಸಂಬಳದಲ್ಲಿ ಬದುಕಬಹುದಾ?

ಅಮೆರಿಕದ ಸಣ್ಣ ಊರಿನ ಹುಡುಗರು ಮೈನರ್ ಲೀಗ್ ಬೇಸ್‌ಬಾಲ್ ನಂಬಿಕೊಂಡು ಬದುಕಬಹುದಾ ಅಂತ ಕೇಳಿದ್ದೀರಿ. ಮೈನರ್ ಲೀಗ್ ಅಂದರೆ ಮೇಜರ್ ಲೀಗ್ ಎನ್ನುವ ಅತಿ ದೊಡ್ಡ ಲೀಗ್‌ಗೆ ಹುಡುಗರನ್ನು ತಯಾರು ಮಾಡುವ ಕೆಳಹಂತದ ಲೀಗ್‌ಗಳು. ಈಗ ಹೇಗೋ ಆಗುತ್ತದೆ, ಮೊದಲು ತುಂಬಾ ಕಷ್ಟವಿತ್ತು. 2022ರಲ್ಲೂ ಅದರ ಕೆಳಗಿನ ಹಂತಗಳಲ್ಲೊಂದಾದ ಸಿಂಗಲ್ ಎ ಆಟಗಾರನಿಗೆ ವರ್ಷಕ್ಕೆ ಸಿಗುತ್ತಿದ್ದದ್ದು ಸುಮಾರು 11,000 ಡಾಲರ್. ಅದಕ್ಕೂ ಮುಂಚೆ ಒಂದೇ ಬಾಡಿಗೆ ಮನೆಯಲ್ಲಿ ಐದಾರು ಜನ, ನೆಲದ ಮೇಲೆ ಗಾಳಿ ತುಂಬಿದ ಹಾಸಿಗೆ. ಆಟ ಮುಗಿದ ರಾತ್ರಿಯೇ ಬಸ್ ಹತ್ತಬೇಕು. ಸೀಸನ್ ಮುಗಿದರೆ ಬೇರೆ ಕೆಲಸ ಹುಡುಕಬೇಕು.

2022ರಿಂದ ಹೆಚ್ಚಿನವರಿಗೆ ತಂಡಗಳೇ ಮನೆ ಕೊಡುತ್ತಿವೆ. 2023ರಲ್ಲಿ ಆಟಗಾರರ ಸಂಘ ಮೊದಲ ಒಪ್ಪಂದ ಮಾಡಿಕೊಂಡಿತು, ಸಿಂಗಲ್ ಎ ಸಂಬಳ ವರ್ಷಕ್ಕೆ 26,200 ಡಾಲರ್ ಆಯ್ತು. ಆ ವರ್ಷ ಮೇಜರ್ ಲೀಗ್‌ನ ಕನಿಷ್ಠ ಸಂಬಳ 7,20,000 ಡಾಲರ್! ಹುಡುಗರು ಯಾಕೆ ಹಟ ಬಿಡಲ್ಲ ಅಂತ ಗೊತ್ತಾಯ್ತಲ್ವಾ?

ಆದರೆ ಮೇಲಕ್ಕೆ ಹೋಗುವವರು ಕಡಿಮೆಯೇ. ಮೈನರ್ ಲೀಗ್‌ನ 120 ತಂಡಗಳ ಹುಡುಗರು ಮೇಜರ್ ಲೀಗ್‌ನ 30 ತಂಡಗಳ ಜಾಗಕ್ಕೆ ಕಾಯುತ್ತಾರೆ. ಮೈಕ್ ಪಿಯಾಝಾ ಎಂಬ ಆಟಗಾರನನ್ನು 1988ರ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಸರದಿಯಂತೆ ಹೊಸ ಹುಡುಗರನ್ನು ಆರಿಸಿಕೊಳ್ಳುವಾಗ, ಆರಿಸಿದ್ದು 62ನೇ ಸುತ್ತಿನಲ್ಲಿ. 2016ರಲ್ಲಿ ಅವನು ಬೇಸ್‌ಬಾಲ್‌ನ ಮಹಾನ್ ಆಟಗಾರರಿಗೆ ಸಲ್ಲುವ ಗೌರವವಾದ ಹಾಲ್ ಆಫ್ ಫೇಮ್ ಸೇರಿದ. ಈಗ ಡ್ರಾಫ್ಟ್ ಇರುವುದೇ 20 ಸುತ್ತು. ಅಂಥ ಹುಡುಗನ ಹೆಸರನ್ನು ಅಲ್ಲಿ ಯಾರೂ ಕೂಗುವುದೇ ಇಲ್ಲ. ನನಗೆ ಜಾಸ್ತಿ ಬೇಜಾರಾಗುವುದು ಇದಕ್ಕೇ.