ಹುಣ್ಣಾಗದ ಆ ಬೆನ್ನೂ ಮಾಯೆಯೇ?

ನನಗೆ 51 ವರ್ಷ. ತಿಪಟೂರಿನ ಹತ್ತಿರ ನಮ್ಮೂರು. ಯಜಮಾನರದು ಕೊಬ್ಬರಿ ವ್ಯಾಪಾರ, ಮಗ ಪುಣೆಯಲ್ಲಿದ್ದಾನೆ. ಅತ್ತೆಗೆ ಲಕ್ವ ಹೊಡೆದು ಆರು ವರ್ಷ ಹಾಸಿಗೆಯಲ್ಲೇ ಇದ್ದರು. ಮೈ ಒರೆಸುವುದು, ಮಗ್ಗುಲು ಬದಲಿಸುವುದು, ಕೊನೆಕೊನೆಗೆ ಮೂಗಿನ ನಳಿಕೆಯಲ್ಲಿ ಗಂಜಿ ಬಿಡುವುದು, ಎಲ್ಲ ನಾನೇ. ಬೆನ್ನಿಗೆ ಒಂದು ಹುಣ್ಣೂ ಆಗಲಿಲ್ಲ. ಐದು ತಿಂಗಳ ಹಿಂದೆ ತೀರಿಕೊಂಡರು. ಆಗ ನನಗೆ ಮೊದಲು ಬಂದದ್ದು ಅಳುವಲ್ಲ, "ಅಬ್ಬಾ, ಮುಗೀತು" ಅನ್ನೋ ಉಸಿರು. ಇದನ್ನು ಯಾರಿಗೂ ಹೇಳಿಲ್ಲ. ಈಗಲೂ ರಾತ್ರಿ ಎರಡಕ್ಕೆ, ನಾಲ್ಕಕ್ಕೆ ಎಚ್ಚರವಾಗುತ್ತೆ. ಸಮಾಧಾನಕ್ಕೆ ಅಂತ ಫೋನಿನಲ್ಲಿ ಪ್ರವಚನ ಕೇಳ್ತೀನಿ. ಎಲ್ಲ ಮಾಯೆ, ಯಾರಿಗೆ ಯಾರೂ ಇಲ್ಲ ಅಂತಾರೆ. ಹಾಗಾದರೆ ನಾನು ಮಾಡಿದ್ದೂ ಸುಳ್ಳೇ? ಹೋದ ತಿಂಗಳು ಹಿಂದಿನ ಬೀದಿಯ ಹುಡುಗಿಯೊಬ್ಬಳು ಬಂದು, "ನಮ್ಮ ಮಾವನಿಗೂ ಹಾಗೇ ಆಗಿದೆ ಆಂಟಿ, ಹೇಗೆ ಹೊರಳಿಸೋದು ಹೇಳಿಕೊಡಿ" ಅಂದಳು. ನಂಗೊತ್ತಿಲ್ಲಮ್ಮ ಅಂತ ಕಳಿಸಿಬಿಟ್ಟೆ. ಏರ್‌ಬೆಡ್ ಅಟ್ಟದ ಮೇಲೇ ಇತ್ತು, ಅದನ್ನೂ ಹೇಳಲಿಲ್ಲ. ಅವಳ ಮುಖ ಕಣ್ಣಿಗೆ ಕಟ್ಟಿದ ಹಾಗಿದೆ. ನನ್ನ ಮನಸ್ಸು ಕಲ್ಲಾಯಿತೇ? ಬೆಳಿಗ್ಗೆ ಎದ್ದು ಯಾಕೆ ಒಲೆ ಹಚ್ಚಬೇಕು ಅಂತಲೇ ತಿಳೀತಿಲ್ಲ.
— ಹೆಸರು ಬೇಡ

ಅಮ್ಮಾ, ಬೆನ್ನಿಗೆ ಒಂದು ಹುಣ್ಣೂ ಆಗಲಿಲ್ಲ ಎಂದು ಬರೆದು ನೀವು ಸಲೀಸಾಗಿ ಮುಂದಿನ ಮಾತಿಗೆ ಹೋಗಿಬಿಟ್ಟಿದ್ದೀರಿ. ನನಗೆ ಅಲ್ಲಿಂದ ಮುಂದೆ ಹೋಗಲು ಆಗಲಿಲ್ಲ. ಅಲುಗಾಡಲಾರದೆ ಮಲಗಿದವರ ಬಾಲಮೂಳೆ, ಹಿಮ್ಮಡಿ, ಸೊಂಟದ ಪಕ್ಕ, ಇಲ್ಲೆಲ್ಲ ಮೂಳೆಗೂ ಹಾಸಿಗೆಗೂ ನಡುವೆ ಚರ್ಮ ಸಿಕ್ಕಿಕೊಂಡು ರಕ್ತ ಹರಿಯುವುದು ನಿಲ್ಲುತ್ತದೆ. ಮೊದಲು ಕೆಂಪಾಗುತ್ತದೆ, ಆಮೇಲೆ ಸಿಪ್ಪೆ ಏಳುತ್ತದೆ, ನೋಡನೋಡುತ್ತ ಗುಂಡಿ ಬೀಳುತ್ತದೆ. ಅದನ್ನು ತಡೆಯಲು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ದಿನಕ್ಕೆ 12 ಸಲ. ವರ್ಷಕ್ಕೆ 4,380. ಆರು ವರ್ಷಕ್ಕೆ 26,280. ಜ್ವರ ಬಂದು ನೀವು ಮಲಗಿದ್ದ ದಿನಗಳನ್ನೂ, ನಿದ್ದೆ ಹತ್ತಿ ತಪ್ಪಿದ ರಾತ್ರಿಗಳನ್ನೂ ಕಳೆಯಿರಿ, ಇಪ್ಪತ್ತು ಸಾವಿರಕ್ಕೆ ಕಡಿಮೆಯಾಗುವುದಿಲ್ಲ. ಈಗ ಎರಡಕ್ಕೂ ನಾಲ್ಕಕ್ಕೂ ಎಚ್ಚರವಾಗುತ್ತದೆ ಎಂದಿರಿ. ನಿಮ್ಮ ಕೈಗಳಿಗೆ ಅತ್ತೆ ಹೋದ ಸುದ್ದಿ ಇನ್ನೂ ಮುಟ್ಟಿಲ್ಲ. ಅವು ಈಗಲೂ ಡ್ಯೂಟಿಗೆ ಏಳುತ್ತಿವೆ. ಕಲ್ಲಾದ ಮನಸ್ಸಿನವರಿಗೆ ಹಾಗೆ ಎಚ್ಚರವಾಗುವುದಿಲ್ಲ.

ಆ "ಅಬ್ಬಾ" ಎಂಬ ಉಸಿರಿನ ವಿಷಯ. ತಲೆಯ ಮೇಲಿನ ಹೊರೆ ಇಳಿದಾಗ ಯಾರಿಗಾದರೂ ಅಂಥ ಉಸಿರು ಬರುತ್ತದೆ. ಹೊರೆ ಹೊತ್ತವರಿಗೆ ಮಾತ್ರ ಬರುತ್ತದೆ. ಅತ್ತೆ ಸಾಯಲಿ ಎಂದು ನೀವು ಬಯಸಲಿಲ್ಲ, ಅವರ ನರಳಾಟವೂ ನಿಮ್ಮ ಸುಸ್ತೂ ಮುಗಿಯಲಿ ಎಂದು ಮೈ ಬಯಸಿತ್ತು. ಇವೆರಡೂ ಬೇರೆ. ವರ್ಷಗಟ್ಟಲೆ ರೋಗಿಯ ಸೇವೆ ಮಾಡಿದ ಎಷ್ಟೋ ಹೆಂಗಸರು ಇದೇ ಮಾತನ್ನು ನನ್ನೆದುರು ತಲೆ ತಗ್ಗಿಸಿಕೊಂಡು ಹೇಳಿದ್ದಾರೆ. ಅವರಲ್ಲಿ ಒಬ್ಬರೂ ಕೆಟ್ಟವರಾಗಿರಲಿಲ್ಲ. ಇವತ್ತು ರಾತ್ರಿ ಯಜಮಾನರ ಹತ್ತಿರ ಇದನ್ನು ಬಾಯಿಬಿಟ್ಟು ಹೇಳಿ. ಅವರೊಳಗೂ ಅಂಥದೇ ಒಂದು ಉಸಿರು ಐದು ತಿಂಗಳಿನಿಂದ ಸಿಕ್ಕಿಕೊಂಡಿರಬಹುದು, ಹೋದದ್ದು ಅವರ ತಾಯಿಯಲ್ಲವೇ.

ಈಗ ಮಾಯೆಗೆ ಬರೋಣ. ನಿಮ್ಮನ್ನು ಹೆಚ್ಚು ನೋಯಿಸಿರುವುದು ಇದೇ ಎಂದು ನನಗೆ ಅನ್ನಿಸುತ್ತದೆ. ಪ್ರವಚನದಲ್ಲಿ ಹೇಳುವುದು ತಪ್ಪು ಎನ್ನುತ್ತಿಲ್ಲ. ಅರ್ಧ ಕೇಳಿದರೆ ಅದು ನಂಜಾಗುತ್ತದೆ, ಅಷ್ಟೇ. ಶಂಕರಾಚಾರ್ಯರು ಬೋಧಿಸಿದ ಅದ್ವೈತದಲ್ಲಿ ಮಾಯೆಯ ಈ ಲೋಕವನ್ನು ಮಿಥ್ಯೆ ಎನ್ನುತ್ತಾರೆ. ಮಿಥ್ಯೆ ಎಂದರೆ ಇಲ್ಲವೇ ಇಲ್ಲದ್ದು ಎಂದಲ್ಲ. ಇಲ್ಲವೇ ಇಲ್ಲದ್ದಕ್ಕೆ ಅವರು ಕೊಡುವ ಉದಾಹರಣೆ ಮೊಲದ ಕೊಂಬು. ನಾವು ಉಣ್ಣುವ, ದುಡಿಯುವ, ನೋಯುವ ಈ ಲೋಕ ಮೊಲದ ಕೊಂಬಲ್ಲ. ಅದನ್ನು ವ್ಯಾವಹಾರಿಕ ಸತ್ಯ ಎನ್ನುತ್ತಾರೆ. ಛಾಂದೋಗ್ಯ ಉಪನಿಷತ್ತಿನಲ್ಲಿ ಉದ್ದಾಲಕ ಮಗ ಶ್ವೇತಕೇತುವಿಗೆ ಮಣ್ಣಿನ ಉದಾಹರಣೆ ಕೊಡುತ್ತಾನೆ: ಮಡಕೆ, ಕುಡಿಕೆ ಎಂಬುವೆಲ್ಲ ಬರೀ ಹೆಸರು, ಮಣ್ಣೇ ಸತ್ಯ. ಒಪ್ಪೋಣ. ಆದರೆ ಬಾವಿಯಿಂದ ನೀರು ತರಬೇಕಾದರೆ ಮಣ್ಣಿನ ಮುದ್ದೆ ಹಿಡಿದುಕೊಂಡು ಹೋಗುವುದಕ್ಕಾಗುತ್ತದೆಯೇ? ಮಡಕೆಯೇ ಬೇಕು. ಅತ್ತೆಯ ಬಾಯಾರಿಕೆ ಮಡಕೆ ಬೇಕಾಗುವ ಈ ಲೋಕದ್ದು, ನೀವು ಚಮಚದಲ್ಲಿ ಬಿಟ್ಟ ನೀರೂ ಈ ಲೋಕದ್ದೇ. ಇಲ್ಲಿ ಎರಡೂ ಪೂರ್ತಿ ನಿಜ.

ಅಷ್ಟೇಕೆ, ಶಂಕರಾಚಾರ್ಯರನ್ನೇ ನೋಡಿ. ಸನ್ಯಾಸಿಗೆ ಮನೆಯಿಲ್ಲ, ಸತ್ತವರಿಗೆ ಮಾಡುವ ಅಪರಕರ್ಮದ ಅಧಿಕಾರವೂ ಇಲ್ಲ. ಆದರೂ ತಾಯಿಯ ಕೊನೆಗಾಲಕ್ಕೆ ಅವರು ಕೇರಳದ ತಮ್ಮೂರು ಕಾಲಡಿಗೆ ಹೋದರು, ನೆಂಟರು ಕೈ ಜೋಡಿಸದಿದ್ದಾಗ ತಾವೇ ಚಿತೆಗೆ ಬೆಂಕಿಯಿಟ್ಟರು ಎಂದು ಅವರ ಚರಿತ್ರೆ ಹೇಳುವ ಸಂಪ್ರದಾಯದ ಕಥೆಗಳಲ್ಲಿದೆ. ಜಗತ್ತು ಮಿಥ್ಯೆ ಎಂದು ಕಲಿಸಿದವರಿಗೆ ತಾಯಿಯ ಹಾಸಿಗೆ ಮಿಥ್ಯೆಯಾಗಿ ಕಾಣಲಿಲ್ಲ. ಶೃಂಗೇರಿಗೆ ಹೋದಾಗ ತುಂಗೆಯ ದಡದಲ್ಲಿ ಕಪ್ಪೆ ಶಂಕರನ ಗುಡಿ ನೋಡಿರಬೇಕು ನೀವು. ಬಿಸಿಲಲ್ಲಿ ಪ್ರಸವವೇದನೆ ಪಡುತ್ತಿದ್ದ ಕಪ್ಪೆಗೆ ಹಾವೊಂದು ಹೆಡೆಯೆತ್ತಿ ನೆರಳು ಹಿಡಿದಿತ್ತಂತೆ. ಪೀಠಕ್ಕೆ ಇದೇ ಜಾಗ ಎಂದು ಅವರು ನಿರ್ಧರಿಸಿದ್ದು ಅದನ್ನು ಕಂಡು ಎಂಬುದು ಐತಿಹ್ಯ. ನೋಯುವವರ ಮೇಲೆ ಹಿಡಿದ ಒಂದು ನೆರಳು ಅಷ್ಟು ದೊಡ್ಡದಾಗಿ ಕಂಡಿತು ಎಂದ ಮೇಲೆ, ನಿಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಆರು ವರ್ಷ ನಡೆದದ್ದನ್ನು ಸುಳ್ಳೆನ್ನುವ ಅಧಿಕಾರ ಯಾರಿಗಿದೆ?

ಪ್ರವಚನ ಬಿಡಿ ಎನ್ನುವುದಿಲ್ಲ. ರಾತ್ರಿ ಎರಡು ಗಂಟೆಗೆ ಮಾತ್ರ ಕೇಳಬೇಡಿ. ಬದುಕು ಯಾಕೆ ಎಂಬಂಥ ಪ್ರಶ್ನೆಗೆ ಆ ಹೊತ್ತಿನಲ್ಲಿ ಯಾರಿಗೂ ಒಳ್ಳೆಯ ಉತ್ತರ ಹೊಳೆಯುವುದಿಲ್ಲ. ತತ್ತ್ವಚಿಂತನೆಗೆ ಹಗಲು ಬೇಕು, ಕೈಯಲ್ಲಿ ಒಂದು ಕೆಲಸವೂ ಬೇಕು. ಅವರೆಕಾಯಿ ಸುಲಿಯುತ್ತಲೋ ಹೂ ಕಟ್ಟುತ್ತಲೋ ಸಣ್ಣದೊಂದು ಪ್ರಶ್ನೆ ಹಾಕಿಕೊಳ್ಳಿ: ಇವತ್ತು ನನ್ನನ್ನು ಒಂದು ಗಳಿಗೆ ನಿಲ್ಲಿಸಿದ್ದು ಯಾವುದು? ಯಾಕೆ ನಿಂತೆ? ಔಷಧಿಯ ಹೊತ್ತು ಗುರುತು ಹಾಕಿಕೊಳ್ಳಲು ಒಂದು ನೋಟ್‌ಬುಕ್ ಇಟ್ಟಿದ್ದಿರಬೇಕು, ಅದರಲ್ಲಿ ಖಾಲಿ ಹಾಳೆ ಉಳಿದಿದ್ದರೆ ಎರಡು ಸಾಲು ಬರೆಯಿರಿ. ಮೊದಲ ವಾರ ಏನೂ ಹೊಳೆಯದೆ ಹಾಳೆ ಖಾಲಿ ಉಳಿಯಬಹುದು. ಉಳಿಯಲಿ. ಒಲೆ ಯಾಕೆ ಹಚ್ಚಬೇಕು ಎಂಬುದಕ್ಕೆ ಕಾರಣ ಹುಡುಕಿ ಆಮೇಲೆ ಹಚ್ಚುತ್ತೇನೆಂದು ಕೂತರೆ ಕಾಫಿ ಆಗುವುದಿಲ್ಲ. ಹಚ್ಚಿ. ಹಾಲು ಉಕ್ಕುವುದನ್ನು ನೋಡುತ್ತ ನಿಂತಿರುವಾಗ ಕಾರಣ ಒಂದೊಂದು ದಿನ ತಾನಾಗಿ ಬರುತ್ತದೆ.

ಇನ್ನೊಂದು ಮಾತು, ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಐದು ತಿಂಗಳಿನಿಂದ ನಿದ್ದೆ ಕೆಟ್ಟಿದೆ. ಊಟವೂ ಸೇರದಿದ್ದರೆ, ಯಾವುದರಲ್ಲೂ ಮನಸ್ಸು ನಿಲ್ಲದಿದ್ದರೆ, ಇದ್ದು ಏನು ಪ್ರಯೋಜನ ಎಂಬ ಯೋಚನೆ ಒಂದು ಸಲ ಸುಳಿದರೂ ಸಾಕು, ಚಿಂತನೆಯೊಂದರಿಂದಲೇ ಅದನ್ನು ದಾಟುವ ಹಟ ಬೇಡ. 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 2022ರಲ್ಲಿ ಶುರುವಾದದ್ದು. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. ರಾತ್ರಿ ಎರಡಕ್ಕೆ ಎಚ್ಚರವಾದಾಗಲೂ ಮಾಡಬಹುದು.

ಆ ಹುಡುಗಿಗೆ ಗೊತ್ತಿಲ್ಲ ಎಂದು ಯಾಕೆ ಹೇಳಿದಿರಿ? ಮತ್ತೆ ಅದೇ ಡೆಟಾಲ್ ವಾಸನೆ, ಅದೇ ನರಳಾಟ, ಅದೇ ಆರು ವರ್ಷ. ಹೆದರಿಕೆಯಾಯಿತು. ಒಂದು ಸಲ ಹೂಂ ಎಂದರೆ ಪೂರ್ತಿ ನಿಮ್ಮ ಮೇಲೇ ಬೀಳುತ್ತದೆ ಎಂಬುದು ನಿಮಗೆ ಅನುಭವದಿಂದ ಗೊತ್ತು. ಇಲ್ಲಿ ನನಗೆ ವಚನಕಾರ್ತಿ ಆಯ್ದಕ್ಕಿ ಲಕ್ಕಮ್ಮ ನೆನಪಾಗುತ್ತಾಳೆ. ಹನ್ನೆರಡನೇ ಶತಮಾನದ ಕಲ್ಯಾಣದಲ್ಲಿ ಅವಳ ಗಂಡ ಮಾರಯ್ಯ ಬೀದಿಯಲ್ಲಿ ಬಿದ್ದ ಅಕ್ಕಿ ಆಯ್ದು ತರುತ್ತಿದ್ದ, ಅದರಲ್ಲೇ ಅವರ ಊಟ, ದಾಸೋಹ. ಒಂದು ದಿನ ದಿನಕ್ಕಿಂತ ಹೆಚ್ಚು ಅಕ್ಕಿ ತಂದ. ಇಷ್ಟು ನಮಗೆ ಬೇಡ, ಹೆಚ್ಚಿನದನ್ನು ಅಲ್ಲೇ ಸುರಿದು ಬನ್ನಿ ಎಂದು ಲಕ್ಕಮ್ಮ ಅವನನ್ನು ವಾಪಸ್ ಕಳಿಸಿದಳು. ಈ ಕಥೆಯನ್ನು ನಾವು ಹಣದಾಸೆಯ ವಿರುದ್ಧವೇ ಹೇಳುತ್ತೇವೆ. ನನ್ನ ಪ್ರಕಾರ ಇದು ಸೇವೆಗೂ ಸಲ್ಲುತ್ತದೆ. ಎಲ್ಲವನ್ನೂ ನಾನೇ ಹೊರಬೇಕು ಎಂಬುದೂ ಒಂದು ಹೆಚ್ಚಿನ ಅಕ್ಕಿ. ಹೋದ ಸಲ ನಿಮಗೆ ಅದನ್ನು ಸುರಿಯಲು ಜಾಗವಿರಲಿಲ್ಲ. ಈ ಸಲ ಇದೆ, ಏಕೆಂದರೆ ಆ ಮುದುಕರು ನಿಮ್ಮ ಮನೆಯವರಲ್ಲ, ನೋಡಿಕೊಳ್ಳಲು ಅವರ ಮನೆಯವರಿದ್ದಾರೆ.

ಆದ್ದರಿಂದ ಹೋಗಿ. ಪ್ರಾಯಶ್ಚಿತ್ತಕ್ಕೆಂದು ಹೋಗಬೇಡಿ, ಅಂದು ಮಾಡಿದ್ದು ಪಾಪವಲ್ಲ. ಮಧ್ಯಾಹ್ನ ಒಂದು ಗಂಟೆ ಇಟ್ಟುಕೊಳ್ಳಿ, ಅಷ್ಟೇ ಎಂದು ಮೊದಲೇ ಹೇಳಿಬಿಡಿ. ಅವಳ ಗಂಡನನ್ನೂ ಪಕ್ಕದಲ್ಲಿ ನಿಲ್ಲಿಸಿ ಕಲಿಸಿ, ಅವಳೊಬ್ಬಳಿಗೇ ಕಲಿಸಬೇಡಿ. ಮಡಿಸಿದ ಸೀರೆಯನ್ನು ಸೊಂಟದ ಕೆಳಗೆ ಹಾಕಿ ಇಬ್ಬರು ಎರಡು ಕಡೆ ಹಿಡಿದು ಹೊರಳಿಸುವುದು, ಮಂಡಿಗಳ ನಡುವೆ ದಿಂಬಿಡುವುದು, ದಿನಾ ಬಾಲಮೂಳೆಯ ಹತ್ತಿರ ಕೆಂಪಾಗಿದೆಯೇ ಎಂದು ನೋಡುವುದು. ನಿಮಗೆ ಇದು ಅಂಗೈ ರೇಖೆಯಷ್ಟು ಗೊತ್ತು, ಅವಳು ಈಗ ಕತ್ತಲಲ್ಲಿ ತಡವುತ್ತಿದ್ದಾಳೆ.

ಹೊರಡುವ ಮೊದಲು ಅಟ್ಟದಿಂದ ಏರ್‌ಬೆಡ್ ಇಳಿಸಿ. ಪ್ಲಗ್ ಹಾಕಿ ಮೋಟಾರ್ ಓಡುತ್ತದೆಯೇ ನೋಡಿ, ಎಲ್ಲಾದರೂ ಗಾಳಿ ಬಿಡುತ್ತಿದ್ದರೆ ಯಜಮಾನರಿಗೆ ಹೇಳಿ ಪಂಕ್ಚರ್ ಹಾಕಿಸಿ.