ದಶಮಾಂಶದ ಬಾಕಿ

ಈ ಪ್ರಕರಣವನ್ನು ಬರೆಯಲು ಆಕೆಯೇ ಒಪ್ಪಿಗೆ ಕೊಟ್ಟಿದ್ದಾರೆ. ಗುರುತು ಸಿಗಬಹುದಾದ ವಿವರಗಳನ್ನೆಲ್ಲ ಬದಲಿಸಿದ್ದೇನೆ. ಆಕೆ ಹಾಕಿದ ಲೆಕ್ಕದ ಕ್ರಮವನ್ನು ಮಾತ್ರ ಬದಲಿಸಲಿಲ್ಲ, ಏಕೆಂದರೆ ಆಕೆಯ ಸಂಕಟವೆಲ್ಲ ಆ ಲೆಕ್ಕದಲ್ಲೇ ಅಡಗಿತ್ತು.

ಆಕೆ 46 ವರ್ಷದ ಪ್ರೌಢಶಾಲಾ ಗಣಿತ ಶಿಕ್ಷಕಿ. ಮೂರು ತಲೆಮಾರಿನಿಂದ ಪ್ರೊಟೆಸ್ಟಂಟ್ ಸಭೆಗೆ ಸೇರಿದ ಮನೆತನ. ಪದವಿ ಓದುತ್ತಿರುವ ಮಗಳು, ಅಮ್ಮನಿಗೆ ತಿಂಗಳುಗಟ್ಟಲೆ ನಿದ್ರೆಯಿಲ್ಲವೆಂದು ಹೇಳಿ, ಆಪ್ತಸಮಾಲೋಚನೆಗೆಂದು ನನ್ನ ಬಳಿಗೆ ಬಲವಂತವಾಗಿಯೇ ಕರೆತಂದಿದ್ದಳು. ಮೊದಲ ಭೇಟಿಯಲ್ಲಿ ಆಕೆ ಹೆಚ್ಚು ಮಾತನಾಡಲಿಲ್ಲ. ಎರಡನೆಯ ಭೇಟಿಯಲ್ಲಿ ಕೈಚೀಲದಿಂದ ಒಂದು ಉದ್ದ ನೋಟ್‌ಬುಕ್ ತೆಗೆದು ಮೇಜಿನ ಮೇಲಿಟ್ಟು, "ಇದನ್ನು ನೋಡಿದರೆ ನಿಮಗೇ ತಿಳಿಯುತ್ತದೆ ಮೇಡಂ" ಎಂದರು.

ಅದರ ಮೊದಲ ಪುಟದಲ್ಲಿ ಕೆಂಪು ಶಾಯಿಯಲ್ಲಿ 11,400 ಎಂದು ಬರೆದು ಅದರ ಕೆಳಗೆ 2,280 ಕೂಡಿಸಿ, 13,680ಕ್ಕೆ ಎರಡು ಗೆರೆ ಎಳೆದಿದ್ದರು. ಎರಡು ವರ್ಷಗಳ ಹಿಂದೆ ಆಕೆಯ ಪತಿಗೆ ಪಾರ್ಶ್ವವಾಯು ಬಡಿದ ರಾತ್ರಿ, ಸ್ಕ್ಯಾನಿಂಗ್‌ಗೂ ಔಷಧಕ್ಕೂ ಕೈಯಲ್ಲಿ ಹಣ ಸಾಲದೆ, ಬೀರುವಿನಲ್ಲಿ ಸೀರೆಗಳ ಕೆಳಗೆ ಲಕೋಟೆಯಲ್ಲಿಟ್ಟಿದ್ದ ದಶಮಾಂಶದ ಹಣವನ್ನು, ಅಂದರೆ ದೇವರಿಗೆಂದು ಸಭೆಗೆ ಕೊಡಲು ಎತ್ತಿಟ್ಟ ಆದಾಯದ ಹತ್ತರಲ್ಲೊಂದು ಪಾಲನ್ನು, ಆಕೆ ತೆಗೆದುಕೊಂಡು ಹೋಗಿದ್ದರು. ಒಂಬತ್ತನೆಯ ದಿನ ಪತಿ ತೀರಿಕೊಂಡರು. ಅದಾದ ಎರಡು ತಿಂಗಳಿಗೆ, ಊರಿಗೆ ಬಂದಿದ್ದ ಪ್ರಸಂಗಿಯೊಬ್ಬರು ಉಜ್ಜೀವನ ಕೂಟದಲ್ಲಿ ಬೈಬಲಿನ ಪ್ರವಾದಿ ಮಲಾಕಿಯನ ಪುಸ್ತಕದ ಮೂರನೆಯ ಅಧ್ಯಾಯವನ್ನು ಓದಿ, ದಶಮಾಂಶವನ್ನು ಹಿಡಿದಿಟ್ಟುಕೊಳ್ಳುವವರು ದೇವರಿಂದ ಕದಿಯುವವರು, ಅಂಥ ಮನೆಯ ಮೇಲೆ ಶಾಪ ಎರಗುತ್ತದೆ ಎಂದು ಸಾರಿದರು. ಆ ರಾತ್ರಿಯೇ ಆಕೆಯ ಲೆಕ್ಕ ಆರಂಭವಾಯಿತು.

ಮೀಸಲಾದ ದಶಮಾಂಶವನ್ನು ಬಿಡಿಸಿಕೊಳ್ಳುವವನು ಅದರ ಬೆಲೆಗೆ ಐದನೆಯ ಒಂದು ಪಾಲನ್ನು ಸೇರಿಸಿ ಕೊಡಬೇಕೆಂಬ ವಿಧಿ ಬೈಬಲಿನ ಯಾಜಕಕಾಂಡದ ಕೊನೆಯ ಅಧ್ಯಾಯದಲ್ಲಿದೆ. ಆ 2,280 ರೂಪಾಯಿ ಬಂದದ್ದು ಅಲ್ಲಿಂದ. ಆಮೇಲೆ, ಇಷ್ಟು ವರ್ಷ ತಾವು ಕೈಗೆ ಬಂದ ಸಂಬಳಕ್ಕೆ ಮಾತ್ರ ಹತ್ತರಲ್ಲೊಂದು ಕೊಟ್ಟಿದ್ದೇವೆ, ಭವಿಷ್ಯನಿಧಿಗೂ ವಿಮೆಗೂ ಕಡಿತವಾದ ಹಣಕ್ಕೆ ಕೊಟ್ಟಿಲ್ಲ ಎಂಬುದು ಹೊಳೆಯಿತು. 19 ವರ್ಷಗಳ ಸಂಬಳದ ಚೀಟಿಗಳನ್ನು ಹುಡುಕಿ ತೆಗೆದರು. ಬಾಕಿ ಒಂದು ಲಕ್ಷ ದಾಟಿತು. ಮಾಂಗಲ್ಯದ ಸರವನ್ನು ಬ್ಯಾಂಕಿನಲ್ಲಿ ಅಡವಿಟ್ಟು ಅದರ ದೊಡ್ಡ ಭಾಗವನ್ನು ಕಟ್ಟಿದರು. ಹಿತ್ತಿಲಿನ ಕರಿಬೇವಿಗೂ ನುಗ್ಗೆಕಾಯಿಗೂ ಪೇಟೆಯ ಬೆಲೆ ಕೇಳಿ ಬರೆದಿಡತೊಡಗಿದರು. ಇದೆಲ್ಲದರ ನಡುವೆ, ಅಯೋಗ್ಯರಾಗಿ ಉಂಡರೆ ಮಗಳ ಮೇಲೂ ದಂಡನೆ ಬಂದೀತೆಂಬ ಭಯದಿಂದ, ಒಂದೂವರೆ ವರ್ಷ ಕರ್ತನ ಭೋಜನಕ್ಕೆ, ಅಂದರೆ ಯೇಸುವಿನ ನೆನಪಿಗೆ ರೊಟ್ಟಿ ದ್ರಾಕ್ಷಾರಸ ಹಂಚಿಕೊಳ್ಳುವ ಸಂಸ್ಕಾರಕ್ಕೆ, ಹೋಗಲಿಲ್ಲ. ಸಂಸ್ಕಾರವಿರುವ ಭಾನುವಾರಗಳಲ್ಲಿ ಕೊನೆಯ ಬೆಂಚಿನಲ್ಲಿ ಕುಳಿತು, ಜನ ಎದ್ದು ಮುಂದೆ ಹೋಗುವ ಹೊತ್ತಿಗೆ ಹೊರಗೆ ಬಂದುಬಿಡುತ್ತಿದ್ದರು.

ನನಗೆ ಇಲ್ಲಿ ಎರಡು ಎಳೆಗಳು ಕಂಡವು, ಎರಡೂ ಒಂದಕ್ಕೊಂದು ಹೆಣೆದುಕೊಂಡಿದ್ದವು. ಲೆಕ್ಕವನ್ನು ಮತ್ತೆ ಮತ್ತೆ ಪರಿಶೀಲಿಸುವುದು, ಪರಿಶೀಲಿಸಿದ ಕೂಡಲೇ ಸ್ವಲ್ಪ ಹಗುರಾಗುವುದು, ಅರ್ಧ ಗಂಟೆಯಲ್ಲಿ ಹೊಸ ಸಂದೇಹ ಏಳುವುದು, ಇವು ಗೀಳು ಮನೋರೋಗದ ಸ್ಪಷ್ಟ ಲಕ್ಷಣಗಳು. ಆದ್ದರಿಂದ ನಾನು ಕೊಟ್ಟ ಮೊದಲ ಸಲಹೆ ಜಿಲ್ಲಾಸ್ಪತ್ರೆಯ ಮನೋವೈದ್ಯರನ್ನು ಕಾಣಬೇಕೆಂಬುದು. ಮಾತ್ರೆ ತೆಗೆದುಕೊಳ್ಳುವುದು ನಂಬಿಕೆಯ ಕೊರತೆಯಾಗುವುದಿಲ್ಲವೇ ಎಂದು ಕೇಳಿದರು. ನಿಮ್ಮ ಯಜಮಾನರಿಗೆ ಆಸ್ಪತ್ರೆಯಲ್ಲಿ ಔಷಧ ಕೊಡಿಸಿದ್ದು ನಂಬಿಕೆಯ ಕೊರತೆಯಿಂದಲೋ ಪ್ರೀತಿಯಿಂದಲೋ ಎಂದು ನಾನು ಕೇಳಿದೆ. ಆಕೆ ಅತ್ತದ್ದು ಆಗಲೇ. ಪತಿಯ ಸಾವಿಗೆ ಆಕೆ ಸರಿಯಾಗಿ ಅತ್ತೇ ಇರಲಿಲ್ಲ. ಅಳುವ ಜಾಗವನ್ನೆಲ್ಲ ಲೆಕ್ಕ ತುಂಬಿಕೊಂಡಿತ್ತು.

ಎರಡನೆಯ ಎಳೆ ನಂಬಿಕೆಯದು. ಅದನ್ನು ರೋಗವೆಂದು ತಳ್ಳಿಹಾಕುವ ಹಕ್ಕು ನನಗಿಲ್ಲ. ಆಕೆಯ ಅಣ್ಣ ಮೊದಲೇ ಹೇಳಿದ್ದರಂತೆ: "ಈಗ ಮೋಶೆಯ ಧರ್ಮಶಾಸ್ತ್ರದ ಕಾಲ ಮುಗಿದಿದೆ, ನಾವು ಕೃಪೆಯ ಕೆಳಗಿದ್ದೇವೆ, ಇದನ್ನೆಲ್ಲ ಬಿಡು." ಆ ಮಾತು ಸುಳ್ಳಲ್ಲ, ರೋಮಾಪುರದವರಿಗೆ ಬರೆದ ಪತ್ರಿಕೆಯಲ್ಲಿ ಅಪೊಸ್ತಲ ಪೌಲನೇ ಅದನ್ನು ಹೇಳಿದ್ದಾನೆ. ಆದರೆ ಆಕೆ ಅದನ್ನು ಕೇಳಿಸಿಕೊಂಡದ್ದು ಬೇರೆ ರೀತಿಯಲ್ಲಿ. ಕೃಪೆಯನ್ನು ನಂಬಿದವರಿಗೆ ಸಮಾಧಾನ ಸಿಗಬೇಕು, ನನಗೆ ಸಿಗುತ್ತಿಲ್ಲ, ಹಾಗಾದರೆ ನನ್ನ ನಂಬಿಕೆಯೂ ಸಾಲದು ಎಂದು ಆಕೆ ನೋಟ್‌ಬುಕ್ಕಿನಲ್ಲಿ ಇನ್ನೊಂದು ಬಾಕಿ ಬರೆದುಕೊಂಡಿದ್ದರು. ಹೆದರಿದ ಮನಸ್ಸು ಕೃಪೆಯನ್ನೂ ಒಂದು ಆಜ್ಞೆಯನ್ನಾಗಿ ಮಾಡಿಕೊಳ್ಳುತ್ತದೆ. ಇದನ್ನು ನಾನು ಹಲವು ಸಲ ಕಂಡಿದ್ದೇನೆ. ಹಾಗಾಗಿ ಇಂಥವರಿಗೆ "ಸುಮ್ಮನೆ ನಂಬಿ" ಎಂದು ಹೇಳುವುದನ್ನು ಬಿಟ್ಟಿದ್ದೇನೆ.

ಅದರ ಬದಲು, ಆಕೆಯನ್ನು ಹೆದರಿಸಿದ ವಾಕ್ಯಗಳನ್ನೇ ಒಟ್ಟಿಗೆ ಕುಳಿತು ನಿಧಾನವಾಗಿ ಓದಿದೆವು. ಈ ಕೆಲಸಕ್ಕೆ ಅವರ ಸಭಾಪಾಲಕರನ್ನೂ ಕರೆದುಕೊಂಡೆ, ಏಕೆಂದರೆ ವೇದವಾಕ್ಯದ ವಿಷಯದಲ್ಲಿ ಆಕೆಗೆ ನನ್ನ ಮಾತಿಗಿಂತ ಅಯ್ಯನವರ ಮಾತಿನ ಮೇಲೆ ಭರವಸೆ ಹೆಚ್ಚು. ಹತ್ತು ಆಜ್ಞೆಗಳು ಯಾವ ಮಾತಿನಿಂದ ಆರಂಭವಾಗುತ್ತವೆ ಎಂದು ಅಯ್ಯನವರು ಕೇಳಿದರು. ಆಕೆ ಥಟ್ಟನೆ ಮೊದಲ ಆಜ್ಞೆಯನ್ನು ಹೇಳಿದರು. ಅದಕ್ಕೂ ಮೊದಲು ಒಂದು ವಾಕ್ಯವಿದೆ. ದಾಸತ್ವದಲ್ಲಿದ್ದ ನಿಮ್ಮನ್ನು ಐಗುಪ್ತದಿಂದ (ಈಜಿಪ್ಟಿನಿಂದ) ಬಿಡಿಸಿದ ದೇವರು ನಾನೇ ಎಂದು ಹೇಳಿದ ಮೇಲೆಯೇ ಆಜ್ಞೆಗಳು ಬರುತ್ತವೆ. ಇಸ್ರಾಯೇಲ್ಯರು ಆಜ್ಞೆಗಳನ್ನು ಪಾಲಿಸಿ ಬಿಡುಗಡೆಯನ್ನು ಸಂಪಾದಿಸಲಿಲ್ಲ. ಸಮುದ್ರ ದಾಟಿ ಆಚೆ ದಡ ಸೇರಿದವರಿಗೆ, ಹೀಗೆ ಬದುಕಿರಿ ಎಂದು ಆಜ್ಞೆಗಳು ದೊರೆತವು. ಪ್ರೊಟೆಸ್ಟಂಟರ ನಂಬಿಕೆಯನ್ನು ಕಲಿಸುವ 1563ರ ಹೈಡೆಲ್‌ಬರ್ಗ್ ಪ್ರಶ್ನೋತ್ತರ ಮಾಲೆಯೂ ಇದೇ ಕ್ರಮವನ್ನು ಹಿಡಿದಿದೆ. ಮನುಷ್ಯನ ದುರವಸ್ಥೆ, ಅವನ ಬಿಡುಗಡೆ, ಅವನ ಕೃತಜ್ಞತೆ ಎಂಬ ಮೂರು ಭಾಗಗಳಲ್ಲಿ ಹತ್ತು ಆಜ್ಞೆಗಳ ವಿವರಣೆ ಬರುವುದು ಕೊನೆಯ ಭಾಗದಲ್ಲಿ, ಕೃತಜ್ಞತೆಯ ಕೆಳಗೆ.

ಮಲಾಕಿಯನ ಮಾತನ್ನೂ ಅದರ ಕಾಲದಲ್ಲಿಟ್ಟು ನೋಡಿದೆವು. ದೇವಾಲಯದ ಭಂಡಾರಕ್ಕೆ ಬರುವ ಧಾನ್ಯವೇ ದೇವಾಲಯದ ಸೇವೆಗೆ ನಿಂತಿದ್ದ, ಬೇರೆ ಕುಲಗಳಂತೆ ನಾಡಿನಲ್ಲಿ ಪಾಲು ಸಿಗದ ಲೇವಿಯರ ಅನ್ನವಾಗಿತ್ತು. ಅದು ನಿಂತಾಗ ಅವರು ಸೇವೆ ಬಿಟ್ಟು ತಮ್ಮ ತಮ್ಮ ಭೂಮಿಗೆ ಓಡಿಹೋದರೆಂದು ನೆಹೆಮೀಯನ ಪುಸ್ತಕ ಹೇಳುತ್ತದೆ. ಉಳ್ಳವರು ಇಲ್ಲದವರ ಅನ್ನವನ್ನು ತಡೆಹಿಡಿದದ್ದಕ್ಕೆ ಪ್ರವಾದಿ ಸಿಟ್ಟಾದನು. ಸಾಯುತ್ತಿರುವ ಗಂಡನ ಸ್ಕ್ಯಾನಿಂಗ್‌ಗೆ ಹಣ ಕಟ್ಟಿದ ಹೆಂಡತಿ ಆ ಸಿಟ್ಟಿಗೆ ಗುರಿಯಲ್ಲ. ಕೊರಿಂಥದವರಿಗೆ ಪೌಲನು ಬರೆದದ್ದೂ ಹಾಗೆಯೇ. "ಅಯೋಗ್ಯವಾಗಿ" ಎಂಬ ಮಾತು ಅಲ್ಲಿ ಉಣ್ಣುವ ರೀತಿಗೆ ಸೇರಿದ್ದು. ಕೆಲವರು ಮೊದಲೇ ಬಂದು ಹೊಟ್ಟೆತುಂಬ ಉಂಡು ಕುಡಿದು, ಬಡವರು ಹಸಿದುಕೊಂಡು ಕುಳಿತಿರುತ್ತಿದ್ದ ಸಭೆಗೆ ಅದು ಬಂದ ಗದರಿಕೆ. ಯೋಗ್ಯರು ಮಾತ್ರ ಬರಬೇಕೆಂದಿದ್ದರೆ ಆ ಮೇಜಿಗೆ ಬರುವವರು ಯಾರು ಎಂದು ಅಯ್ಯನವರು ಕೇಳಿದಾಗ ಆಕೆ ಉತ್ತರಿಸಲಿಲ್ಲ. ಸಿಲೊವಾಮಿನ ಗೋಪುರ ಬಿದ್ದು ಸತ್ತ 18 ಮಂದಿ ಉಳಿದವರಿಗಿಂತ ದೊಡ್ಡ ಅಪರಾಧಿಗಳಾಗಿರಲಿಲ್ಲವೆಂದು ಯೇಸು ಹೇಳಿದ ಭಾಗವನ್ನು ಮಾತ್ರ ಆಕೆಯೇ ಮತ್ತೊಮ್ಮೆ ಗಟ್ಟಿಯಾಗಿ ಓದಿದರು.

ಇಲ್ಲಿ ನನ್ನ ಅಭಿಪ್ರಾಯವನ್ನು ಹೇಳಬೇಕು. ಕೃಪೆಯನ್ನು ಎತ್ತಿಹಿಡಿಯುವ ಉತ್ಸಾಹದಲ್ಲಿ ನಮ್ಮಲ್ಲಿ ಹಲವರು ಮೋಶೆಯ ಧರ್ಮಶಾಸ್ತ್ರವನ್ನು ಕರುಣೆಯಿಲ್ಲದೆ ಸಾಲ ವಸೂಲಿ ಮಾಡುವವನಂತೆ ಚಿತ್ರಿಸುತ್ತಾರೆ. ಅದು ಯೆಹೂದ್ಯರಿಗೂ ಅನ್ಯಾಯ, ಧರ್ಮಶಾಸ್ತ್ರಕ್ಕೂ ಅನ್ಯಾಯ. ಧರ್ಮೋಪದೇಶಕಾಂಡದ 14ನೆಯ ಅಧ್ಯಾಯದಲ್ಲಿ, ದಶಮಾಂಶವನ್ನು ಮನೆಮಂದಿಯೆಲ್ಲ ದೇವರ ಸನ್ನಿಧಿಯಲ್ಲಿ ಕುಳಿತು ಸಂತೋಷದಿಂದ ಊಟ ಮಾಡಬೇಕೆಂದಿದೆ. ಮೂರು ವರ್ಷಕ್ಕೊಮ್ಮೆ ಅದನ್ನು ಊರಲ್ಲೇ ಕೂಡಿಟ್ಟು ಲೇವಿಯರಿಗೂ ಪರದೇಶಿಗಳಿಗೂ ತಾಯಿತಂದೆಯಿಲ್ಲದವರಿಗೂ ವಿಧವೆಯರಿಗೂ ತೃಪ್ತಿಯಾಗುವಂತೆ ಕೊಡಬೇಕೆಂದಿದೆ. ಈ ವಾಕ್ಯವನ್ನು ಆಕೆಯ ಕೈಯಲ್ಲೇ ಓದಿಸಿದೆ. "ವಿಧವೆಯರು" ಎಂಬಲ್ಲಿಗೆ ಬಂದಾಗ ಆಕೆಯ ಬೆರಳು ಆ ಸಾಲಿನ ಮೇಲೆ ನಿಂತಿತು. "ನಾನೇ ಅಲ್ಲವಾ ಮೇಡಂ" ಎಂದರು.

ಆ ದಿನದಿಂದ ನಾನು ಕೊಟ್ಟ ಸಲಹೆಗಳು ಸರಳವಾಗಿದ್ದವು, ಪಾಲಿಸಲು ಕಷ್ಟವಾಗಿದ್ದವು. ನೋಟ್‌ಬುಕ್ ಮಗಳ ಬಳಿ ಇರಲಿ. ಮೂರು ತಿಂಗಳು ಯಾವ ಕಾಣಿಕೆಯನ್ನೂ ಲೆಕ್ಕ ಹಾಕಿ ಕೊಡಬಾರದು. ಪೆಟ್ಟಿಗೆ ಮುಂದೆ ಬಂದಾಗ ಕೈಗೆ ಸಿಕ್ಕ ನೋಟನ್ನು ಎಷ್ಟೆಂದು ನೋಡದೆ ಹಾಕಬೇಕು, ಏನೂ ಹಾಕದೆಯೂ ಇರಬಹುದು. ಶಾಪದ ಯೋಚನೆ ಬಂದಾಗ ಅದನ್ನು ಅಳಿಸಲು ಪರಿಹಾರದ ಪ್ರಾರ್ಥನೆ ಮಾಡಬಾರದು. ಭಯ ಏರಿ ತಾನಾಗಿ ಇಳಿಯುವವರೆಗೆ ಕೈಯಲ್ಲಿರುವ ಕೆಲಸವನ್ನು ಮುಂದುವರಿಸಬೇಕು. ದಶಮಾಂಶವನ್ನು ಕರ್ತವ್ಯವೆಂದು ಪಾಲಿಸುವ ಸಭೆಗಳೊಂದಿಗೆ ನನಗೆ ತಕರಾರಿಲ್ಲ, ಆಕೆಯೂ ಮುಂದೊಂದು ದಿನ ಸಂತೋಷದಿಂದ ಅದಕ್ಕೆ ಮರಳಬಹುದು. ಆದರೆ ಈಗ ಆಕೆಯ ಕೊಡುಗೆ ವಿಮೆಯ ಕಂತಿನಂತಾಗಿತ್ತು. ಕಂತು ನಿಂತರೂ ದೇವರು ಕೈಬಿಡುವುದಿಲ್ಲವೆಂಬುದನ್ನು ಬದುಕಿಯೇ ತಿಳಿಯಬೇಕಿತ್ತು. ಪತಿಯ ಕೊನೆಯ ಒಂಬತ್ತು ದಿನಗಳ ಬಗ್ಗೆ ವಾರಕ್ಕೊಮ್ಮೆ ಮಗಳೊಂದಿಗೆ ಮಾತನಾಡಲೂ ಹೇಳಿದೆ.

ಮೊದಲ ಸಲ ಕರ್ತನ ಭೋಜನಕ್ಕೆ ಎದ್ದವರು ಅರ್ಧ ದಾರಿಯಿಂದ ಹಿಂದಿರುಗಿದರು. ಮುಂದಿನ ತಿಂಗಳು ಮಗಳು ಜೊತೆಗೆ ನಡೆದಳು, ಇಬ್ಬರೂ ಮೊಣಕಾಲೂರಿದರು. ಮಾತ್ರೆಗಳು ಮುಂದುವರಿದಿವೆ. ಸಂಬಳದ ದಿನ ಈಗಲೂ ಕಷ್ಟದ ದಿನವೇ.

ಎಲ್ಲಕ್ಕಿಂತ ಕಠಿಣವಾದದ್ದು ಕೊನೆಗೆ ಬಂತು. ಸರದ ಸಾಲದ ವಿಷಯ ತಿಳಿದ ಸಭಾಪಾಲಕರು, ಸಭೆಯ ಸಹಾಯನಿಧಿಯಿಂದ ಮಗಳ ಕಾಲೇಜು ಶುಲ್ಕ ಕಟ್ಟಲು ಸಮಿತಿಯನ್ನು ಒಪ್ಪಿಸಿದರು. ಆಕೆ ಮೂರು ಸಲ ಬೇಡವೆಂದರು, ನನಗಿಂತ ಕಷ್ಟದಲ್ಲಿರುವವರು ಇದ್ದಾರೆ ಎಂದರು. ಇದ್ದಾರೆ, ಅವರಿಗೂ ಕೊಡುತ್ತಾರೆ, ಈ ಸಲ ನಿಮ್ಮ ಹೆಸರು ಬಂದಿದೆ ಎಂದಷ್ಟೇ ಹೇಳಿದೆ. ಒಂದು ವಾರ ಸಮಯ ಕೇಳಿದರು. ಭಾನುವಾರ ಆರಾಧನೆ ಮುಗಿದ ಮೇಲೆ ಖಜಾಂಚಿ ವೋಚರನ್ನು ಮುಂದಿಟ್ಟಾಗ, ಅಭ್ಯಾಸಬಲದಿಂದ ಪೆನ್ನು "ಕೊಟ್ಟವರು" ಎಂಬ ಕಡೆಗೆ ಹೋಯಿತಂತೆ. ಖಜಾಂಚಿ ಕಾಗದವನ್ನು ಸ್ವಲ್ಪ ಸರಿಸಿ, "ಇಲ್ಲಿ ಟೀಚರ್" ಎಂದು "ಪಡೆದವರು" ಎಂಬ ಜಾಗವನ್ನು ತೋರಿಸಿದರು. ಆಕೆ ಅಲ್ಲಿ ಸಹಿ ಹಾಕಿದರು.