‘ಸಾವ್ಕಾರ್ರು ಬರಲಿ’

ಬಳ್ಳಾರಿಯ ಓದುಗರೊಬ್ಬರು ಬರೆದಿದ್ದಾರೆ: ‘ಆರು ಮಷಿನ್ ಇಟ್ಟು ಶುರು ಮಾಡಿದ ಜೀನ್ಸ್ ಯುನಿಟ್ಟು ಈಗ ಎಪ್ಪತ್ತು ಮಷಿನ್ನಿಗೆ ಬಂದಿದೆ. ಬೆಂಗಳೂರಿನ ದೊಡ್ಡ ಗಾರ್ಮೆಂಟ್ಸಿನಲ್ಲಿ ಪಳಗಿದ ಮ್ಯಾನೇಜರನ್ನು ಕರೆತಂದೆ. ನಾಲ್ಕೇ ತಿಂಗಳಿಗೆ ಬಿಟ್ಟುಹೋದರು. ತಪ್ಪು ಅವರದಾ, ನನ್ನದಾ?’

ಉತ್ತರ ನಿಮ್ಮ ಪತ್ರದಲ್ಲೇ ಇದೆ ಸರ್. ನೀವು ಡೆನಿಮ್ ತರಲು ಅಹಮದಾಬಾದಿಗೆ ಹೋದಾಗ ಹೊಲಿದಿಟ್ಟ ಒಂದು ಲಾಟು ವಾಷಿಂಗಿಗೆ ಹೋಗದೆ ಎರಡು ದಿನ ಮೂಲೆಯಲ್ಲಿ ಬಿದ್ದಿತ್ತು ಅಂದಿದ್ದೀರಿ. ತೊಳೆದು ಬಣ್ಣದ ಶೇಡ್ ಎಷ್ಟು ಇಳಿಸಬೇಕು ಅಂತ ಯುನಿಟ್ಟಿನ ಹಳೆಯ ಮಾಸ್ಟರಿಗೆ ಗೊತ್ತಿತ್ತು. ಮ್ಯಾನೇಜರಿಗೂ ಗೊತ್ತಿತ್ತು. ಆದರೂ ಇಬ್ಬರೂ ‘ಸಾವ್ಕಾರ್ರು ಬರಲಿ’ ಅಂತ ಕೂತರು.

ಆರು ಮಷಿನ್ ಕಾಲದಲ್ಲಿ ಕಟಿಂಗ್ ಟೇಬಲ್ಲಿಗೂ ನೀವೇ, ಬಾಕಿ ವಸೂಲಿಗೂ ನೀವೇ. ಎಲ್ಲದಕ್ಕೂ ಕೈ ಹಾಕಿದ್ದಕ್ಕೇ ಯುನಿಟ್ಟು ಉಳಿಯಿತು. ಈಗ ಅದೇ ಕೈ ಲಾಟಿಗೆ ಅಡ್ಡ ನಿಂತಿದೆ. ಲ್ಯಾರಿ ಗ್ರೈನರ್ ಎಂಬ ಅಮೆರಿಕದ ಪ್ರೊಫೆಸರು 1972ರಲ್ಲೇ ಇದನ್ನು ಬರೆದಿದ್ದರು: ಕಂಪನಿಯನ್ನು ಒಂದು ಹಂತಕ್ಕೆ ಬೆಳೆಸಿದ ರೀತಿಯೇ ಮುಂದಿನ ಹಂತದಲ್ಲಿ ತೊಡಕಾಗುತ್ತದೆ. ಮೊದಲು ಲೆಕ್ಕ, ಶಿಸ್ತು ತರುವವರು ಬೇಕಾಗುತ್ತಾರೆ. ಆಮೇಲೆ ಎಲ್ಲ ಮೇಲಿನಿಂದಲೇ ತೀರ್ಮಾನವಾಗಿ ಕೆಳಗಿನವರಿಗೆ ಉಸಿರು ಕಟ್ಟುತ್ತದೆ, ಅಧಿಕಾರ ಹಂಚಬೇಕಾಗುತ್ತದೆ. ನಿಮಗೆ ಎರಡೂ ಒಟ್ಟಿಗೇ ಬಂದಂತಿದೆ.

ಹಾಗಂತ ಮ್ಯಾನೇಜರದು ತಪ್ಪೇ ಇಲ್ಲ ಅನ್ನಲಾರೆ. ಬಂದ ವಾರವೇ ಪ್ರತಿ ಗಂಟೆಯ ರಿಪೋರ್ಟ್ ಕೇಳಿದರಂತೆ. ದೊಡ್ಡ ಕಾರ್ಖಾನೆಯಲ್ಲಿ ಅದನ್ನು ಬರೆಯಲೆಂದೇ ಜನ ಇರುತ್ತಾರೆ. ಪೀಸ್ ರೇಟಿಗೆ ಹೊಲಿಯುವವರು ರಿಪೋರ್ಟ್ ತುಂಬುತ್ತಾ ಕೂತರೆ ಅವತ್ತಿನ ಕೂಲಿ ಯಾರು ಕೊಡಬೇಕು? ಅವರು ಜಾಣರೇ, ಆದರೆ ಅವರ ಜಾಣತನಕ್ಕೆ ಒಗ್ಗುವಷ್ಟು ನಿಮ್ಮ ಯುನಿಟ್ಟು ಇನ್ನೂ ಬೆಳೆದಿಲ್ಲ.

ಇನ್ಫೋಸಿಸ್ ನೋಡಿ. 1981ರಲ್ಲಿ ಶುರುವಾದ ಕಂಪನಿ. 2002ರಲ್ಲಿ ನಾರಾಯಣ ಮೂರ್ತಿ ಸಿಇಒ ಕುರ್ಚಿ ಬಿಟ್ಟರು, ಅಧ್ಯಕ್ಷರಾಗಿ ಉಳಿದರು. ಕುರ್ಚಿಗೆ ಬಂದ ನಂದನ್ ನಿಲೇಕಣಿ ಹೊರಗಿನವರಲ್ಲ, ಮೊದಲ ದಿನದಿಂದ ಜೊತೆಗಿದ್ದವರು. ಎಲ್ಲಿಯ ಇನ್ಫೋಸಿಸ್, ಎಲ್ಲಿಯ ನಮ್ಮ ಯುನಿಟ್ಟು ಅಂತೀರಿ, ಅಲ್ವಾ? ಆದರೆ ನಿಮ್ಮ ಹತ್ತಿರವೂ ಹಳೆಯ ಮಾಸ್ಟರ್ ಇದ್ದಾರಲ್ಲ.

ಇನ್ನೊಬ್ಬ ಮ್ಯಾನೇಜರನ್ನು ಹುಡುಕುವ ಮೊದಲು ವಾಷಿಂಗ್ ಪೂರ್ತಿ ಆ ಮಾಸ್ಟರ್ ಕೈಗೆ ಕೊಡಿ. ಶೇಡು, ಹೊರಗೆ ತೊಳೆಸುವ ಜಾಬ್ ವರ್ಕ್ ರೇಟು, ಸರಿಯಿಲ್ಲದ್ದನ್ನು ವಾಪಸ್ ಕಳಿಸುವ ಮಾತು, ಎಲ್ಲ ಅವರದೇ. ಒಂದು ಲಾಟು ಕೆಡಬಹುದು. ದೋಷವಿರುವ ಮಾಲು ಅಂತ ಸೆಕೆಂಡ್ಸಿನಲ್ಲಿ ಮಾರಿ, ಸುಮ್ನಿರಿ. ಹೇಳುವುದು ಸುಲಭ, ನನಗೂ ಗೊತ್ತು. ಪ್ರತಿ ಪುಟದ ಪ್ರೂಫ್ ನಾನೇ ನೋಡಬೇಕು ಅಂತ ಹಟ ಹಿಡಿದು ಈ ಪತ್ರಿಕೆಯ ಒಂದು ಸಂಚಿಕೆಯನ್ನೇ ಮೂರು ದಿನ ತಡ ಮಾಡಿದವನು ನಾನು.

ಮುಂದಿನ ಸಲ ಅಹಮದಾಬಾದಿಗೆ ಹೋದಾಗ ಯುನಿಟ್ಟಿಗೆ ಫೋನ್ ಮಾಡಬೇಡಿ. ವಾಪಸ್ ಬಂದಾಗ ಆ ಮೂಲೆ ಖಾಲಿ ಇತ್ತಾ ಅಂತ ಬರೆಯಿರಿ.